ಬೆಂಗಳೂರಿನ ಪಕ್ಕದಲ್ಲೇ: ಕೆಜಿಎಫ್‌ನಿಂದ ಶಿಡ್ಲಘಟ್ಟದವರೆಗೆ

ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಸರ್ಕಾರದ ಆರ್ಥಿಕ ಸಮೀಕ್ಷೆ ತೆಗೆದು ನೋಡಿದರೆ ಇದು ಗೊತ್ತಾಗುತ್ತದೆ. ಕಲಬುರಗಿ, ಯಾದಗಿರಿ ದೂರ, ಅಲ್ಲಿಗೆ ದುಡ್ಡು ಹರಿಯಲಿಲ್ಲ ಅಂತ ಹೇಳಿ ಸುಮ್ಮನಾಗುವವರಿದ್ದಾರೆ. ಆದರೆ ಕೋಲಾರ, ಚಿಕ್ಕಬಳ್ಳಾಪುರ? ಬೆಳಿಗ್ಗೆ ತಿಂಡಿ ತಿಂದು ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಾದ ಊರುಗಳು. ಇಷ್ಟು ಹತ್ತಿರ ಇರುವವರಿಗೆ ರಾಜಧಾನಿಯ ದುಡ್ಡು ತಲುಪಿದೆಯಾ? ತಲುಪಿದ್ದರೆ ಯಾರ ಮನೆಗೆ? ಈ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿತ್ತು. ವಾರದ ಕೊನೆಗೆ ರಜೆ ಸೇರಿಸಿಕೊಂಡು ಹೊರಟೆ.

ಶುಕ್ರವಾರ: ಮಾರಿಕುಪ್ಪಂ ರೈಲು

ಸಂಜೆ ಕೆ.ಆರ್. ಪುರದಲ್ಲಿ ರೈಲು ಹತ್ತಿದೆ. ಹೆಂಗಸರ ಬೋಗಿ. ಕಾಲಿಡಲು ಜಾಗ ಇರಲಿಲ್ಲ. ವೈಟ್‌ಫೀಲ್ಡ್ ಬಂದಾಗ ಇನ್ನಷ್ಟು ಜನ ನುಗ್ಗಿದರು. ಒಬ್ಬರು ಬಾಗಿಲ ಪಕ್ಕ ಪೇಪರ್ ಹಾಸಿಕೊಂಡು ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ರೈಲು ಇಳಿದು ಮನೆಗೆ ಹೋಗುವಷ್ಟರಲ್ಲಿ ಅರ್ಧ ಅಡುಗೆ ಕೆಲಸ ಮುಗಿದಿರಬೇಕು.

ಮಾಲೂರು ದಾಟಿದ ಮೇಲೆ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವರು ವೈಟ್‌ಫೀಲ್ಡ್ ಹತ್ತಿರದ ಒಂದು ಐಟಿ ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸದವರು. ಮನೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್. ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ರಾತ್ರಿ ಮನೆ ಸೇರುವಾಗ ಒಂಬತ್ತು ದಾಟುತ್ತದೆ. "ಬೆಂಗಳೂರಲ್ಲೇ ಮನೆ ಮಾಡಬಹುದಲ್ವಾ ಅಕ್ಕ?" ಅಂತ ಕೇಳಿದೆ. ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: "ಸಂಬಳ ಬೆಂಗಳೂರಿಂದು, ಬಾಡಿಗೆ ಕೆಜಿಎಫ್‌ದು. ಹಂಗಿದ್ರೇನೇಮ್ಮ ನಾಲ್ಕು ಕಾಸು ಉಳಿಯೋದು. ಅಲ್ಲಿ ಮನೆ ಮಾಡಿದ್ರೆ ಅಲ್ಲಿ ದುಡಿದಿದ್ದೆಲ್ಲ ಅಲ್ಲೇ ಕೊಟ್ಟು ಬರಬೇಕು."

ಬೆಂಗಳೂರಿನ ಎಷ್ಟೋ ಕಚೇರಿಗಳು ಬೆಳಿಗ್ಗೆ ಅಷ್ಟು ಚೊಕ್ಕಟವಾಗಿ ಇರುವುದಕ್ಕೆ ಈ ರೈಲಿನ ಸೀಸನ್ ಪಾಸ್ ಕಾರಣ. ಕೆಲಸದವರನ್ನು ಊರೊಳಗೆ ಇರಿಸಿಕೊಳ್ಳುವಷ್ಟು ಸಂಬಳ ಆ ಊರು ಕೊಡುತ್ತಿಲ್ಲ. ಆ ಕೊರತೆಯನ್ನು ಈ ಹೆಂಗಸರು ತಮ್ಮ ನಿದ್ದೆ ಕೊಟ್ಟು ತುಂಬುತ್ತಿದ್ದಾರೆ.

ಬಂಗಾರಪೇಟೆಯಿಂದ ಮುಂದೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಎಲ್ಲ ಚಿನ್ನದ ಗಣಿ ಸೀಮೆಯ ಸ್ಟೇಷನ್ನುಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಒಂದು ಕಾಲಕ್ಕೆ ಬೆಂಗಳೂರಿಗಿಂತ ಮುಂದಿದ್ದ ಊರು ಇದು. ಆ ವೈಭವದಲ್ಲಿ ಎಲ್ಲರಿಗೂ ಪಾಲಿತ್ತು ಅಂತ ಅಲ್ಲ. ದೊರೆಗಳಿಗೆ ಬಂಗಲೆ, ಕ್ಲಬ್ಬು. ಮೂರು ಕಿಲೋಮೀಟರ್ ಆಳಕ್ಕೆ ಇಳಿದವರಿಗೆ ಸಾಲು ಸಾಲು ಲೈನ್ ಮನೆ. ತಂತಿ ಹಾದುಹೋದ ದಾರಿಯ ಹಳ್ಳಿಗಳಿಗೆ ಕರೆಂಟು ಬರಲು ಇನ್ನೂ ಎಷ್ಟೋ ದಶಕ ಹಿಡಿಯಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಊರಿಗೆ ಉಳಿದದ್ದು ಈ ರೈಲು.

ಶನಿವಾರ: ಸಯನೈಡ್ ದಿಬ್ಬ, ಟೊಮೇಟೊ ಮಂಡಿ, ನರಸಾಪುರ

ಬೆಳಿಗ್ಗೆ ಎದ್ದು ಸಯನೈಡ್ ದಿಬ್ಬಗಳ ಹತ್ತಿರ ಹೋದೆ. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಬೂದು ಗುಡ್ಡಗಳಾಗಿ ನಿಂತಿದೆ. ಗಾಳಿ ಜೋರಾದಾಗ ಈ ಧೂಳು ಮನೆಯೊಳಗೆ, ಅನ್ನದ ತಟ್ಟೆಗೂ ಬರುತ್ತದೆ ಅಂತ ಅಲ್ಲಿನವರು ಹೇಳಿದರು. 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಸಾವಿರ ಎಕರೆಯಷ್ಟು ಜಾಗ ಅದು. ಕೆಲಸ ಶುರುವಾದರೆ ಮೊದಲು ಇಲ್ಲಿನ ಹುಡುಗರಿಗೆ ಸಿಗಬೇಕು. ಧೂಳು ಕುಡಿದವರು ಅವರು.

ಅಲ್ಲಿಂದ ಬಸ್ಸಿನಲ್ಲಿ ಕೋಲಾರ. ಎಪಿಎಂಸಿ ಟೊಮೇಟೊ ಮಾರುಕಟ್ಟೆಯನ್ನು ಒಮ್ಮೆಯಾದರೂ ನೋಡಬೇಕು. ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಇದೂ ಒಂದು. 15 ಕೆಜಿಯ ಪ್ಲಾಸ್ಟಿಕ್ ಬಾಕ್ಸ್‌ಗಳ ಗೋಡೆಗಳು. ನಡುವೆ ಹರಾಜು ಕೂಗುವವರು, ಹಮಾಲಿಗಳು, ಹೊರರಾಜ್ಯದ ಲಾರಿಗಳು. 2023ರ ಜುಲೈನಲ್ಲಿ ಇದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ಟಿವಿಯವರೆಲ್ಲ ಇಲ್ಲಿ ಬಂದು ನಿಂತಿದ್ದರು. ರೈತ ಕೋಟ್ಯಧಿಪತಿ ಅಂತ ಸುದ್ದಿ ಮಾಡಿದ್ದರು.

ನಾನು ಹೋದ ದಿನ ಒಬ್ಬ ರೈತರ ಮಾಲು ಬಾಕ್ಸಿಗೆ 150 ರೂಪಾಯಿಯಂತೆ ಹೋಯಿತು. ಕೆಜಿಗೆ 10 ರೂಪಾಯಿ. ಹಿಂದಿನ ದಿನ ಬೆಂಗಳೂರಲ್ಲಿ ನಮ್ಮ ಬೀದಿಯ ಅಂಗಡಿಯಲ್ಲಿ ನಾನು 30 ಕೊಟ್ಟಿದ್ದೆ. ನಡುವೆ ಇರುವುದು ಬರೀ 70 ಕಿಲೋಮೀಟರ್. ಅವರು ಕೈಯಲ್ಲಿದ್ದ ಚೀಟಿಯ ಹಿಂದೆ ಪೆನ್ನಿನಲ್ಲಿ ಲೆಕ್ಕ ಬರೆದುಕೊಂಡಿದ್ದರು. ಟೆಂಪೊ ಬಾಡಿಗೆ, ಬಿಡಿಸಿದ ಹೆಂಗಸರ ಕೂಲಿ, ಔಷಧಿ ಅಂಗಡಿ ಬಾಕಿ. ಕಡ್ಡಿ, ದಾರ, ಮಲ್ಚಿಂಗ್ ಶೀಟಿನ ಖರ್ಚು ಆ ಚೀಟಿಯಲ್ಲಿ ಇರಲೇ ಇಲ್ಲ. "ಅದೆಲ್ಲ ಬರೆದ್ರೆ ಇಲ್ಲೇ ಕೂತುಬಿಡ್ಬೇಕಾಗ್ತದೆ ಅಕ್ಕಾ" ಅಂದರು. ಅವರದು ಸ್ವಂತ ಜಮೀನಲ್ಲ. ಬೆಂಗಳೂರಿನವರೊಬ್ಬರು ತೆಗೆದುಕೊಂಡು ಬೇಲಿ ಹಾಕಿ ಬಿಟ್ಟಿರುವ ಎರಡು ಎಕರೆಯನ್ನು ಗುತ್ತಿಗೆಗೆ ಮಾಡುತ್ತಿದ್ದಾರೆ. ಮಾಲೀಕರು ಯಾವಾಗ ಬಿಡಿ ಅಂದರೆ ಆವಾಗ ಬಿಡಬೇಕು. ಬರವಣಿಗೆ ಏನೂ ಇಲ್ಲ. ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರಿಲ್ಲದವರಿಗೆ ಬೆಳೆ ಸಾಲವೂ ಕಷ್ಟ, ಬೆಳೆ ಹೋದರೆ ಪರಿಹಾರವೂ ಕಷ್ಟ. ಮಾಡಿದ ಸಾಲ ಮಾತ್ರ ಅವರ ಹೆಸರಲ್ಲೇ.

ಮಧ್ಯಾಹ್ನ ನರಸಾಪುರಕ್ಕೆ ಹೋದೆ. ಹೆದ್ದಾರಿ ಪಕ್ಕದಲ್ಲಿ ಕೈಗಾರಿಕಾ ಪ್ರದೇಶ. ಹೋಂಡಾ ಸ್ಕೂಟರ್ ಇಲ್ಲಿ ತಯಾರಾಗುತ್ತದೆ, ಐಫೋನ್ ಇಲ್ಲಿ ಜೋಡಣೆಯಾಗುತ್ತದೆ. 2020ರ ಡಿಸೆಂಬರ್ 12ರಂದು ಇಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಗಿ ಗಾಜು ಪುಡಿಯಾದದ್ದು ದೇಶಕ್ಕೆಲ್ಲ ಗೊತ್ತು. ಅದಕ್ಕೆ ಮುಂಚೆ ಗುತ್ತಿಗೆ ಕಾರ್ಮಿಕರು ಸಂಬಳ ಸರಿಯಾಗಿ ಬರುತ್ತಿಲ್ಲ ಅಂತ ಹೇಳುತ್ತಲೇ ಇದ್ದದ್ದು ಅಷ್ಟಾಗಿ ಯಾರಿಗೂ ಗೊತ್ತಾಗಲಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿರಲಿಲ್ಲ ಅಂತ ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಈಗ ಆ ಕಾರ್ಖಾನೆ ಟಾಟಾದವರ ಕೈಯಲ್ಲಿದೆ.

ಸುತ್ತಲಿನ ಹಳ್ಳಿಗಳಲ್ಲಿ ಮೂರು ಮಹಡಿ, ನಾಲ್ಕು ಮಹಡಿ ಮನೆಗಳು ಎದ್ದಿವೆ. ಕೆಳಗೆ ಅಂಗಡಿ, ಮೇಲೆ ಪಿಜಿ. ಬಾಲ್ಕನಿ ತುಂಬ ಯೂನಿಫಾರಂ ಒಣಗುತ್ತಿರುತ್ತದೆ. ಟೀ ಅಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ತಮ್ಮ ಊರಿನ ಲೆಕ್ಕ ಬಿಡಿಸಿ ಹೇಳಿದರು. ರೋಡಿನ ಪಕ್ಕ ಜಮೀನಿದ್ದವರು ಪರಿಹಾರದ ದುಡ್ಡಲ್ಲಿ ರೂಮು ಕಟ್ಟಿದರು, ಬಾಡಿಗೆ ಬರುತ್ತಿದೆ. ಒಳಗೆ ಎರಡು ಕಿಲೋಮೀಟರ್ ದೂರದಲ್ಲಿ ಜಮೀನಿದ್ದವರು ಇನ್ನೂ ರಾಗಿ, ಟೊಮೇಟೊ. ಜಮೀನೇ ಇಲ್ಲದವರು? "ಅವ್ರು ಮುಂಚೆ ನಮ್ಮ ಹೊಲಕ್ಕೆ ಬರ್ತಿದ್ರು. ಈಗ ಹೊಲಾನೇ ಇಲ್ವಲ್ಲ. ಕ್ಯಾಂಟೀನ್‌ಗೆ ಪಾತ್ರೆ ತೊಳೆಯೋಕೆ ಹೋಗ್ತಾರೆ."

ರಾಜಧಾನಿಯ ದುಡ್ಡು ಈ ಊರಿಗೆ ಬಂದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂದಿದೆ, ಧಾರಾಳವಾಗಿ ಬಂದಿದೆ. ಆದರೆ ಅದು ಪಹಣಿ ನೋಡಿಕೊಂಡು ಬಂದಿದೆ. ಹೆಸರಿದ್ದವರ ಬಾಗಿಲು ತಟ್ಟಿದೆ, ಇಲ್ಲದವರ ಮನೆಯನ್ನು ದಾಟಿಕೊಂಡು ಹೋಗಿದೆ. ಮುಂಚೆಯೂ ಹಳ್ಳಿಯಲ್ಲಿ ಮೇಲು ಕೆಳಗು ಇತ್ತು. ಯಾರಿಗೆ ಜಮೀನಿತ್ತು, ಯಾರಿಗಿರಲಿಲ್ಲ ಅನ್ನುವುದರಲ್ಲಿ ಜಾತಿಯ ಪಾಲು ದೊಡ್ಡದು. ಬೆಂಗಳೂರು ಹತ್ತಿರ ಬಂದಷ್ಟೂ ಆ ಹಳೆಯ ಅಂತರ ಕೋಟಿಗಳಲ್ಲಿ ಬೆಳೆಯುತ್ತಿದೆ.

ಸಂಜೆ ನರಸಾಪುರದ ಕೆರೆ ಏರಿ ಮೇಲೆ ನಡೆದೆ. ಕೆರೆ ತುಂಬಿದೆ. ಈ ನೀರಿನ ಕಥೆ ಹೇಳಲೇಬೇಕು. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ಇಲ್ಲಿಗೆ ತಂದು, ಒಂದು ಕೆರೆಯಿಂದ ಇನ್ನೊಂದಕ್ಕೆ ಹರಿಸುತ್ತಾರೆ. ಎಲ್ಲರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನುವುದು ಯೋಜನೆಯ ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡಿತು. ನೀರು ಸರಿಯಾಗಿ ಶುದ್ಧವಾಗುತ್ತಿಲ್ಲ ಅನ್ನುವ ಮೊಕದ್ದಮೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಅಂತರ್ಜಲ ಮೇಲೆ ಬಂದಿರುವುದು ನಿಜ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆದರೂ ಬರೀ ಧೂಳು ಹಾರುತ್ತಿದ್ದ ಕಡೆ ಈಗ ಬೋರು ತಿರುಗುತ್ತಿದೆ. ಏರಿ ಮೇಲೆ ದನ ಹೊಡೆದುಕೊಂಡು ಬಂದವರು ಇದನ್ನು ಖುಷಿಯಿಂದಲೇ ಹೇಳಿದರು. ಆ ಖುಷಿಯನ್ನು ಬೆಂಗಳೂರಲ್ಲಿ ಕೂತು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆದರೆ ಕೆರೆಯಿಂದ ನೇರವಾಗಿ ಮೋಟಾರ್ ಇಟ್ಟು ನೀರೆತ್ತುವಂತಿಲ್ಲ. ಹಾಗಾಗಿ ಉಪಯೋಗ ಆಗುವುದು ಬೋರು ಕೊರೆಸುವ ಶಕ್ತಿ ಇರುವವರಿಗೆ. ಮತ್ತೆ ಅದೇ ಪಹಣಿ. ಇನ್ನೊಂದು ಮಾತೂ ಇದೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಈ ಎರಡು ಜಿಲ್ಲೆಯವರು ವರ್ಷಗಳಿಂದ ಕೇಳುತ್ತಿದ್ದಾರೆ. ಇದು ಭಿಕ್ಷೆಯಲ್ಲ. ಬೆಂಗಳೂರು ಕಾವೇರಿ ಕುಡಿಯುತ್ತದೆ. ಬಳಸಿ ಬಿಟ್ಟ ನೀರನ್ನು ಪಕ್ಕದ ಜಿಲ್ಲೆಗೆ ಕೊಡುವಾಗ ಇನ್ನೊಂದು ಹಂತ ತೊಳೆದು ಕೊಡುವುದು ಕನಿಷ್ಠ ಮರ್ಯಾದೆ. ಪಶ್ಚಿಮ ಘಟ್ಟದಿಂದ ಈ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆ ಬರುತ್ತದೆ ಅಂತ ಹೇಳುತ್ತಾ ಹೇಳುತ್ತಾ ಅದರ ಅಂದಾಜು ವೆಚ್ಚ 2012ರ 8,323 ಕೋಟಿಯಿಂದ 23,251 ಕೋಟಿಗೆ ಏರಿದೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯೂ ಆಯಿತು. ಕೋಲಾರದವರು ಇನ್ನೂ ಕಾಯುತ್ತಿದ್ದಾರೆ.

ರಾತ್ರಿ ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರ ಸೇರಿದೆ.

ಭಾನುವಾರ: ನಂದಿಯ ಬುಡದಲ್ಲಿ

ಭಾನುವಾರ ನಂದಿಬೆಟ್ಟಕ್ಕೆ ಹೋಗಬಾರದು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಳಕು ಹರಿಯುವ ಮುಂಚೆಯೇ ಬೆಂಗಳೂರಿನ ಕಾರು, ಬೈಕುಗಳ ಸಾಲು. ನಾನು ಮೇಲೆ ಹತ್ತಲಿಲ್ಲ. ಕೆಳಗೆ ಭೋಗನಂದೀಶ್ವರನ ಗುಡಿ ನೋಡಿಕೊಂಡು ಬುಡದ ಹಳ್ಳಿಗಳ ಕಡೆ ನಡೆದೆ.

ಅರ್ಕಾವತಿ, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ಹುಟ್ಟುವುದು ಈ ಬೆಟ್ಟಗಳ ಸಾಲಿನಲ್ಲೇ. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಹೋಯಿತಲ್ಲ, ಅದು ಅರ್ಕಾವತಿಯ ನೀರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆದಾಗಲೂ ಅದೇ ಹೊಳೆ. ಕಾವೇರಿ ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಬೆಂಗಳೂರು ಬೆಳೆದದ್ದು ಈ ಬೆಟ್ಟದ ಋಣದಲ್ಲಿ. ಈಗ ಹೆಬ್ಬಾಳ ನಾಗವಾರ ಕಣಿವೆಯ ಬಳಸಿದ ನೀರು ಪೈಪಿನಲ್ಲಿ ಬೆಟ್ಟದ ಈಚೆಗೆ ಬರುತ್ತಿದೆ. ಚಿಕ್ಕಬಳ್ಳಾಪುರ ಪಕ್ಕದ ಕಂದವಾರ ಕೆರೆಗೂ ಅದೇ ನೀರು.

ದ್ರಾಕ್ಷಿ ತೋಟಗಳು ಇನ್ನೂ ಇವೆ. ನಡುನಡುವೆ ಲೇಔಟ್‌ಗಳು. ಗಿಡ ಕಿತ್ತು, ಟಾರು ರೋಡು ಹಾಕಿ, ಬಿಳಿ ಬಣ್ಣದ ಕಲ್ಲು ನೆಟ್ಟಿದ್ದಾರೆ. ಮನೆ ಕಟ್ಟಿರುವುದು ಅಲ್ಲೊಂದು ಇಲ್ಲೊಂದು. ಉಳಿದ ಸೈಟುಗಳಲ್ಲಿ ಪಾರ್ಥೇನಿಯಂ. 2008ರ ಮೇನಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆಯ ಭೂಮಿಯ ದಿಕ್ಕೇ ಬದಲಾಯಿತು. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಅದಕ್ಕೆ ಮುಂಚೆ ಬೇರೆ ಕಡೆಯಿಂದ ಹೆಚ್ಚು ವರಮಾನ ಇರುವವರು, ಬೇಸಾಯ ಮಾಡದವರು ಕೃಷಿ ಜಮೀನು ಕೊಳ್ಳಲು ಅಡ್ಡಿ ಇತ್ತು. ಕಳ್ಳದಾರಿಗಳೂ ಇದ್ದವು, ನಿಜ. ಆದರೂ ಒಂದು ಬಾಗಿಲು ಅಂತ ಇತ್ತು. ಈಗ ಅದೂ ಇಲ್ಲ.

ಒಂದು ತೋಟದ ಬೇಲಿ ಪಕ್ಕ ಹೆಂಗಸರಿಬ್ಬರು ಹುಲ್ಲು ಕುಯ್ಯುತ್ತಿದ್ದರು. ಒಬ್ಬರ ಮಾವನಿಗೆ ಸರ್ಕಾರ ಒಂದೂವರೆ ಎಕರೆ ಮಂಜೂರು ಮಾಡಿತ್ತಂತೆ. ಮಗಳ ಮದುವೆ ಸಾಲಕ್ಕೆ ಅದು ಯಾರದೋ ಕೈಗೆ ಹೋಯಿತು, ಅಲ್ಲಿಂದ ಇನ್ನೊಬ್ಬರಿಗೆ, ಈಗ ಅದರ ಮೇಲೆ ಕಾಂಪೌಂಡು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ತಡವಾಗಿ ಬಂದಿರಿ ಅಂತ ಎಷ್ಟೋ ಅರ್ಜಿಗಳು ಕೋರ್ಟಿನಲ್ಲಿ ಬಿದ್ದುಹೋದವು. ಆಮೇಲೆ ಹೋರಾಟ ನಡೆದು 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿಯ ಅಡ್ಡಿ ತೆಗೆದರು. ಆ ಅಮ್ಮನಿಗೆ ಇದು ಗೊತ್ತಿರಲಿಲ್ಲ. ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಕೊಡಬಹುದು, ಮಂಜೂರಾತಿ ಪತ್ರ ಹುಡುಕಿ ಇಟ್ಟುಕೊಳ್ಳಿ ಅಂತ ಹೇಳಿದೆ. ಪತ್ರ ಪೆಟ್ಟಿಗೆಯಲ್ಲಿದೆ, ಮೇಲ್ಗಡೆ ಸ್ವಲ್ಪ ಗೆದ್ದಲು ತಿಂದಿದೆ, ಸರ್ವೆ ನಂಬರ್ ಕಾಣುತ್ತದೆ ಅಂದರು.

ದೇವನಹಳ್ಳಿ ಇಲ್ಲಿಂದ ಪಕ್ಕದಲ್ಲೇ. ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕಿಂತ ಜಾಸ್ತಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಕೊಡಲ್ಲ ಅಂತ ಒಟ್ಟಾಗಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಈ ಸೀಮೆಯಲ್ಲಿ ಈಗ ಒಂದು ಸಾಕ್ಷಿ ಇದೆ. ಚಿಕ್ಕಬಳ್ಳಾಪುರದ ಟೀ ಅಂಗಡಿಗಳಲ್ಲಿ ಅದರ ಮಾತು ಬಂದರೆ ಜನ ನೆಟ್ಟಗೆ ಕೂರುತ್ತಾರೆ.

ಸೋಮವಾರ: ಶಿಡ್ಲಘಟ್ಟ

ಶಿಡ್ಲಘಟ್ಟದಲ್ಲಿ ಇಳಿದ ತಕ್ಷಣ ರೇಷ್ಮೆ ಹುಳ ಬೆಂದ ವಾಸನೆ. ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ರೀಲರ್‌ಗಳು ಮೊಬೈಲ್ ಹಿಡಿದು ಗೂಡಿನ ರಾಶಿಗಳ ನಡುವೆ ಓಡಾಡುತ್ತಾರೆ. ಪರಿಚಯದವರೊಬ್ಬರು ತಮ್ಮ ನೂಲು ಬಿಚ್ಚುವ ಶೆಡ್ಡಿಗೆ ಕರೆದುಕೊಂಡು ಹೋದರು.

ಸಾಲಾಗಿ ಬೇಸಿನ್‌ಗಳು. ಬಿಸಿನೀರಿನಲ್ಲಿ ಗೂಡು ತೇಲುತ್ತಿರುತ್ತದೆ. ಎಳೆ ಹುಡುಕಿ ಹಿಡಿಯಲು ಕೈ ಮತ್ತೆ ಮತ್ತೆ ನೀರಿಗೆ ಹೋಗಬೇಕು. ಅಲ್ಲಿ ಕೂತಿದ್ದ ಒಬ್ಬ ಅಕ್ಕನ ಬೆರಳ ತುದಿಗಳು ಬೆಳ್ಳಗೆ ಉಬ್ಬಿದ್ದವು. ಉಗುರಿನ ಪಕ್ಕ ಚರ್ಮ ಬಿರಿದಿತ್ತು. ರಾತ್ರಿ ಅನ್ನ ಕಲಸುವಾಗ ಖಾರ ತಾಗಿ ಉರಿಯುತ್ತದೆ, ಅದಕ್ಕೆ ಚಮಚದಲ್ಲಿ ತಿನ್ನುತ್ತೀನಿ ಅಂದರು. ಇಲ್ಲಿ ತೆಗೆದ ನೂಲು ಸೀರೆಯಾಗಿ ಬೆಂಗಳೂರಿನ ಅಂಗಡಿಗೆ ಹೋದಾಗ ಅದರ ಬೆಲೆ ಎಷ್ಟಾಗುತ್ತದೆ ಅಂತ ಅವರು ಕೇಳಿದರು. ಹೇಳಿದೆ. ಪಕ್ಕದವರ ಮುಖ ನೋಡಿ, "ನಮ್ಮ ಮೂರು ತಿಂಗಳ ಕೂಲಿ" ಅಂದರು.

ಅವರ ಮಗಳು ಪಿಯುಸಿ ಮುಗಿಸಿದ್ದಾಳೆ. ದೇವನಹಳ್ಳಿ ಕಡೆ ಒಂದು ಕಂಪನಿಗೆ ಹೋಗುತ್ತಾಳೆ. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು. ಅವಳ ಸಂಬಳದಲ್ಲಿ ಅರ್ಧ ಸಂಘದ ಸಾಲದ ಕಂತಿಗೇ ಹೋಗುತ್ತದೆ. ಕಂತು ವಸೂಲಿಗೆ ಬರುವವರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಮೇಲೆ ಮನೆ ಮುಂದೆ ಕೂರುವುದು ಕಮ್ಮಿ ಆಗಿದೆ ಅಂದರು. ಸಾಲ ಹಾಗೇ ಇದೆ.

ನಾನು ನೋಡಿಬಂದ ಲೇಔಟ್‌ಗಳ ಮಾತು ಬಂತು. "ಎಲ್ಲಿ ನೋಡಿದ್ರೂ ಸೈಟು ಅಕ್ಕಾ. ರೋಡ್ ಉದ್ದಕ್ಕೂ ಸೈಟು. ನಮಗೊಂದು 20-30 ಸಿಕ್ಕಿಲ್ಲ." ಮೂರು ಜನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ನಿವೇಶನಕ್ಕೆ ಅರ್ಜಿ ಕೊಟ್ಟಿದ್ದಾರೆ. ಊಟದ ಬಿಡುವಿನಲ್ಲಿ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ಸ್ವೀಕೃತಿ ಪತ್ರ ತೋರಿಸಿದರು. ಮಡಿಕೆ ಬಿದ್ದ ಕಡೆ ಹರಿಯದಂತೆ ಸೆಲೊಟೇಪ್ ಅಂಟಿಸಿದ್ದರು. ಅದರಲ್ಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡು ಸಲ ಕಟ್ ಆಯಿತು, ಆಮೇಲೆ ಯಾರೋ ಎತ್ತಿದರು. ಸರ್ಕಾರಿ ಜಾಗ ಗುರುತಾಗಿಲ್ಲ, ಹಳೇ ಪಟ್ಟಿ ಹೋಗಿ ಹೊಸ ಪಟ್ಟಿ ಆಗುತ್ತಿದೆ, ಆದಾಯ ಪ್ರಮಾಣಪತ್ರ ಹೊಸದು ಬೇಕು, ಬುಧವಾರ ಸಾಹೇಬರು ಇರುತ್ತಾರೆ, ಅವರನ್ನೇ ಬರಹೇಳಿ ಅಂದರು.

ಫೋನಿನ ಮೇಲೆ ಕೈ ಇಟ್ಟು ಅಕ್ಕನಿಗೆ ವಿಷಯ ಹೇಳಿದೆ. ಬುಧವಾರ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ಇನ್ನರ್ಧ ದಿನ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡರು. ಆಮೇಲೆ, "ಬರ್ತೀನಿ ಅಂತ ಹೇಳಕ್ಕಾ. ಎಷ್ಟೊತ್ತಿಗೆ ಅಂತ ಕೇಳು" ಅಂದರು. ಕೇಳಿದೆ. ಹನ್ನೊಂದು ಗಂಟೆಗೆ ಬರಲಿ, ಹೆಸರು ಬರೆದುಕೊಂಡಿದ್ದೀನಿ ಅಂದರು ಆ ಕಡೆಯವರು.